ಮ್ಯಾಕಿ ಆಟಕ್ಕೆ ಕೊಟ್ಟ ದರ್ಜೆ

2003ರ ಶ್ರಾವಣದ ಎರಡನೇ ಸೋಮವಾರ ಬೆಳಿಗ್ಗೆ, ಆಂಧ್ರದ ಆದೋನಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಮನೆಯವರೆಲ್ಲರ ಎದುರಿಗೆ, ದೊಡ್ಡಪ್ಪನ ಮಗ ವೀರೇಶಣ್ಣ ತಯಾರಿಸಿದ್ದ ಕಂಪ್ಯೂಟರ್ ಆಟಕ್ಕೆ ನಾನು ‘ಕೀಳು’ ಎಂದು ದರ್ಜೆ ಕೊಟ್ಟೆ. ಆಗ ನನಗೆ ಹದಿಮೂರು ವರ್ಷ, ಅವನಿಗೆ ಹತ್ತೊಂಬತ್ತು. ಅವನು ಮನೆಯಲ್ಲೇ ಉಳಿದು ಆಟ ಕಟ್ಟುವ ಕೆಲಸ ಮುಂದುವರಿಸಬೇಕೋ, ಪತ್ತಿಕೊಂಡದ ಸೋದರಮಾವನ ಬೀಜದ ಅಂಗಡಿಗೆ ಹೋಗಬೇಕೋ ಎಂಬುದು ಆ ಒಂದು ಮಾತಿನ ಮೇಲೆ ನಿಂತಿತ್ತು. ತೀರ್ಪು ಒಂಬತ್ತು ದಿನ ಉಳಿಯಿತು.

ಹದಿಮೂರು ವರ್ಷದ ಹುಡುಗಿಯ ಮಾತಿಗೆ ಅಷ್ಟು ಬೆಲೆ ಏಕೆ ಬಂತು ಎಂಬುದು ತಿಳಿಯಬೇಕಾದರೆ ಮನೆಯ ಬಗ್ಗೆ ಹೇಳಬೇಕು. ನಮ್ಮದು ಹತ್ತಿ ದಲಾಲಿಯ ಮನೆ. ಮುಂದಿನ ಭಾಗ ಮಂಡಿ, ನಡುವೆ ಪಡಸಾಲೆ, ಹಿಂದೆ ಅಡುಗೆಮನೆ ಮತ್ತು ದೇವರ ಕೋಣೆ, ಅದರಾಚೆ ನೀರಿನ ತೊಟ್ಟಿ ಇರುವ ಹಿತ್ತಿಲು. ಪಡಸಾಲೆಯ ಒಂದು ಗೋಡೆಯ ಉದ್ದಕ್ಕೂ ಮರದ ಗೂಡುಗಳಿದ್ದವು. ಅವುಗಳಲ್ಲಿ ನೀಲಿ ಕಾಗದದಲ್ಲಿ ಸುತ್ತಿದ ಹತ್ತಿಯ ಸ್ಯಾಂಪಲ್ ಪೊಟ್ಟಣಗಳು. ಸುಗ್ಗಿ ಬಂತೆಂದರೆ ಹತ್ತಿಯ ನವಿರು ಎಲ್ಲೆಲ್ಲೂ ಹಾರಾಡುತ್ತಿತ್ತು. ಹುಬ್ಬಿನ ಮೇಲೆ, ಒಣಹಾಕಿದ ಸೀರೆಯ ಮೇಲೆ, ಮೊಸರಿನ ಗಡಿಗೆಯ ಮೇಲೆ. ಅವ್ವ ಮೊಸರನ್ನು ಬಡಿಸುವ ಮೊದಲು ಚಮಚದ ತುದಿಯಿಂದ ಎಳೆಯನ್ನು ಎತ್ತಿ ತೆಗೆಯುತ್ತಿದ್ದಳು. ಅದು ನಮಗೆ ಕೊಳೆ ಅನ್ನಿಸುತ್ತಿರಲಿಲ್ಲ. ಬೇರೆಯವರ ಮನೆಯಲ್ಲಿ ಊಟ ಮಾಡುವಾಗ ಮೊಸರಿನಲ್ಲಿ ಎಳೆ ಇಲ್ಲದಿರುವುದೇ ವಿಚಿತ್ರವಾಗಿ ಕಾಣುತ್ತಿತ್ತು.

ಅಜ್ಜ ಹತ್ತಿ ನೋಡುವುದರಲ್ಲಿ ಹೆಸರಾದವನು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಗಾದಿಯ ಮೇಲೆ ಕೂತು ಮೊದಲ ಪೊಟ್ಟಣ ಬಿಚ್ಚುತ್ತಿದ್ದ. ಒಂದು ಚಿಟಿಕೆ ಹತ್ತಿಯನ್ನು ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು ಎಳೆಯುತ್ತಿದ್ದ, ಎಳೆದದ್ದನ್ನು ಒಂದರ ಮೇಲೊಂದು ಜೋಡಿಸಿ ಮತ್ತೆ ಎಳೆಯುತ್ತಿದ್ದ, ಕೊನೆಗೆ ಕಪ್ಪು ಕೋಟಿನ ತೋಳಿನ ಮೇಲೆ ಹಾಸಿ ಉದ್ದ ನೋಡುತ್ತಿದ್ದ. ಬೀಜವನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ. ಟಕ್ಕೆಂದರೆ ಒಣಗಿದೆ, ಮೆತ್ತಗಿದ್ದರೆ ತೇವ ಇದೆ. ಆಮೇಲೆ ಮೂರರಲ್ಲಿ ಒಂದು ಮಾತು ಹೇಳುತ್ತಿದ್ದ: ಮೇಲು, ನಡು, ಕೀಳು. ಯಾಕೆ ಎಂದು ಅವನೂ ಹೇಳುತ್ತಿರಲಿಲ್ಲ, ಬಂದವರೂ ಕೇಳುತ್ತಿರಲಿಲ್ಲ. ಆಡಿದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಂಡದ್ದು ಮನೆಯಲ್ಲಿ ಯಾರ ನೆನಪಿನಲ್ಲೂ ಇರಲಿಲ್ಲ. ಮಾರುಕಟ್ಟೆಯ ಅಂಗಳಕ್ಕೆ ಹೋದಾಗ ಅವನ ಕ್ರಮವೇ ಬೇರೆ. ರಾಶಿಯ ಮೇಲಿನ ಒಂದು ಮುಷ್ಟಿ ಹತ್ತಿಯನ್ನು ತೆಗೆದು, ನೋಡದೇ ಪಕ್ಕಕ್ಕೆ ಎಸೆದು, ಮೊಣಕೈ ಮುಳುಗುವವರೆಗೆ ಕೈಯನ್ನು ಒಳಗೆ ತೂರಿಸುತ್ತಿದ್ದ. ಮೇಲೆ ಇರುವುದು ತೋರಿಸಲಿಕ್ಕೆ ಇಟ್ಟದ್ದು, ಒಳಗಿರುವುದು ನಿಜವಾದದ್ದು ಎಂಬುದು ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತಿತ್ತು. ಅವ್ವ ಬದನೆಕಾಯಿ ಕೊಳ್ಳುವಾಗಲೂ ಬುಟ್ಟಿಯ ತಳದಿಂದಲೇ ಆರಿಸುತ್ತಿದ್ದಳು.

ಕಂಪ್ಯೂಟರನ್ನು ದೊಡ್ಡಪ್ಪ ಮಂಡಿಯ ಪತ್ರಗಳಿಗಾಗಿ ತಂದಿದ್ದ. ಅದನ್ನು ಪಡಸಾಲೆಯಲ್ಲಿ, ಸ್ಯಾಂಪಲ್ ಗೂಡುಗಳ ಕೆಳಗೆ ಇಟ್ಟರು. ಅವ್ವ ಅದಕ್ಕೊಂದು ಹೂವಿನ ಬಟ್ಟೆಯ ಮುಸುಕು ಹೊಲಿದಳು. ಹತ್ತಿಯ ನವಿರು ಅದರ ಫ್ಯಾನಿಗೆ ಸುತ್ತಿಕೊಂಡು ವಾರಕ್ಕೊಮ್ಮೆ ಅದು ಬಿಸಿಯಾಗಿ ನಿಂತುಬಿಡುತ್ತಿತ್ತು. ವೀರೇಶಣ್ಣ ಪೆಟ್ಟಿಗೆ ಬಿಚ್ಚಿ, ಬಣ್ಣ ಬಳಿಯುವ ಬ್ರಷ್‌ನಿಂದ ಒಳಗೆಲ್ಲ ಗುಡಿಸುತ್ತಿದ್ದ. ಹಾಗೆ ಬಿಚ್ಚಿ ಜೋಡಿಸುತ್ತಲೇ ಅವನಿಗೆ ಅದರ ಮೇಲೆ ಹಕ್ಕು ಬಂತು. ಬಳ್ಳಾರಿಗೆ ಹೋದಾಗಲೆಲ್ಲ ಹಳೆಯ ಪುಸ್ತಕದಂಗಡಿಯಿಂದ ಕಂಪ್ಯೂಟರ್ ಪತ್ರಿಕೆಗಳನ್ನು ತರುತ್ತಿದ್ದ. ಅವುಗಳ ಜೊತೆ ಒಂದು ಸಿಡಿ ಇರುತ್ತಿತ್ತು. ಹಿಂಬದಿಯ ಪುಟಗಳಲ್ಲಿ ಹೊಸ ಆಟಗಳ ವಿಮರ್ಶೆ ಇರುತ್ತಿತ್ತು. ಚಿತ್ರಕ್ಕೆ ಹತ್ತರಲ್ಲಿ ಇಷ್ಟು, ಸದ್ದಿಗೆ ಇಷ್ಟು, ಆಡುವ ಸುಖಕ್ಕೆ ಇಷ್ಟು, ಒಟ್ಟಿಗೆ ಇಷ್ಟು. ಆ ಹೊಸ ಆಟಗಳು ನಮ್ಮ ಹಳೇ ಕಂಪ್ಯೂಟರಿನಲ್ಲಿ ಓಡುತ್ತಿರಲಿಲ್ಲ. ಹಾಗಾಗಿ ನಾನು ಆಟ ಆಡುವುದಕ್ಕಿಂತ ಮೊದಲು ಆಟದ ತೀರ್ಪುಗಳನ್ನು ಓದಲು ಕಲಿತೆ.

ಮಧ್ಯಾಹ್ನ ಅಜ್ಜನಿಗೆ ದಿನಪತ್ರಿಕೆ ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಶಾಲೆಯಲ್ಲಿ ನನಗೆ ತೆಲುಗು, ಇಂಗ್ಲಿಷು. ಕನ್ನಡ ಓದಲು ಕಲಿತದ್ದು ಬಳ್ಳಾರಿ ಬಸ್ಸಿನಲ್ಲಿ ಬರುತ್ತಿದ್ದ ಆ ಪತ್ರಿಕೆಯಿಂದ. ಪತ್ರಿಕೆ ಮುಗಿದ ಮೇಲೆ ಒಂದೊಂದು ದಿನ ಆಟದ ವಿಮರ್ಶೆಯನ್ನೂ ಕನ್ನಡದಲ್ಲಿ ಹೇಳುತ್ತಿದ್ದೆ. ಆಟ ಎಂದರೇನು ಎಂಬುದು ಅಜ್ಜನಿಗೆ ಅಷ್ಟಾಗಿ ಬೇಕಿರಲಿಲ್ಲ. ದರ್ಜೆ ಹೇಗೆ ಕಟ್ಟುತ್ತಾರೆ ಎಂಬುದು ಬೇಕಿತ್ತು. ಬಿಡಿಬಿಡಿಯಾಗಿ ಅಂಕ ಕೊಡುವುದು ಅವನಿಗೆ ಒಪ್ಪಿಗೆಯಾಗಲಿಲ್ಲ.

“ಬಣ್ಣಕ್ಕ ಎಂಟು, ಎಳಿಗೆ ಆರು ಅಂದ್ರ ಗಿರಣಿಯಾಂವ ಬಣ್ಣ ಒಂದು ಚೀಲದಾಗ, ಎಳಿ ಒಂದು ಚೀಲದಾಗ ಒಯ್ತಾನೇನು? ಒಂದ ಮಾತು ಹೇಳಬೇಕು.”

ಅವನ ಎರಡನೇ ಪ್ರಶ್ನೆ ಯಾವಾಗಲೂ ಒಂದೇ ಆಗಿತ್ತು.

“ಇವ್ರು ಒಳಗ ಕೈ ಹಾಕಿ ನೋಡ್ಯಾರೋ, ಮ್ಯಾಲಿನ ಮುಷ್ಟಿ ನೋಡಿ ಬರದಾರೋ?”

ಆ ಪ್ರಶ್ನೆ ನನ್ನೊಳಗೆ ಉಳಿಯಿತು. ನಮ್ಮ ಓಣಿಯ ತುದಿಯಲ್ಲಿ ನಮ್ಮ ಕಂಪ್ಯೂಟರಿನಲ್ಲೂ ಓಡುವಂಥ ಹಳೆಯ ಆಟದ ಸಿಡಿಗಳನ್ನು ಬಾಡಿಗೆಗೆ ಕೊಡುವ ಒಂದು ಅಂಗಡಿ ಶುರುವಾದಾಗ ನಾನು ಇನ್ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ನನ್ನದೇ ತೀರ್ಪುಗಳನ್ನು ಬರೆಯಲು ಶುರುಮಾಡಿದೆ. ಒಂದು ಪುಟಕ್ಕೆ ಒಂದು ಆಟ, ಒಂದು ಮಾತು. ಕಾರಿನ ಓಟದ ಒಂದು ಆಟ ಬಂದಿತ್ತು. ಮೊದಲ ರಸ್ತೆಯಲ್ಲಿ ಸಮುದ್ರ, ಸೇತುವೆ, ಹಕ್ಕಿಗಳು ಎಲ್ಲ ಇದ್ದವು. ಓಣಿಯ ಹುಡುಗ ಹುಡುಗಿಯರು ಬಾಯಿ ಬಿಟ್ಟು ನೋಡಿದರು. ನಾನು ಮೊದಲ ರಸ್ತೆಯನ್ನು ಬಿಟ್ಟು ನೇರ ನಾಲ್ಕನೆಯದಕ್ಕೆ ಹೋದೆ. ಅದು ಮೊದಲ ರಸ್ತೆಯೇ, ತಿರುಗುಮುರುಗಾಗಿ. ಐದನೆಯದರಲ್ಲಿ ಅದೇ ರಸ್ತೆಗೆ ಕತ್ತಲೆ ಬಳಿದಿದ್ದರು. ‘ಕೀಳು’ ಎಂದು ಬರೆದೆ. ಬಾಡಿಗೆಗೆ ತಂದವರೆಲ್ಲ ಎರಡು ದಿನದಲ್ಲಿ ಬೇಸರಪಟ್ಟು ವಾಪಸು ಕೊಟ್ಟರು. ಅಂದಿನಿಂದ ಸಿಡಿ ತರುವ ಮೊದಲು ನಮ್ಮ ಮನೆಯ ಕಟ್ಟೆಗೆ ಬಂದು ಕೇಳುವ ರೂಢಿ ಬೆಳೆಯಿತು. ಗಿರಿಜಕ್ಕನ್ನ ಕೇಳೋಣ ಎಂದು ನನಗಿಂತ ದೊಡ್ಡವರೂ ಅನ್ನುತ್ತಿದ್ದರು. ಅಜ್ಜ ಇದನ್ನು ಗಾದಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ, ಏನೂ ಅನ್ನುತ್ತಿರಲಿಲ್ಲ. ಅವನು ಏನೂ ಅನ್ನದಿರುವುದು ನಮ್ಮ ಮನೆಯಲ್ಲಿ ದೊಡ್ಡ ಮೆಚ್ಚುಗೆ.

ವೀರೇಶಣ್ಣ ಇಂಟರ್, ಅಂದರೆ ಪಿಯುಸಿ, ಎರಡನೇ ವರ್ಷದ ಗಣಿತದಲ್ಲಿ ಎರಡು ಸಲ ಫೇಲಾಗಿದ್ದ. ಮೂರನೇ ಸಲ ಪರೀಕ್ಷೆ ಕಟ್ಟುವುದಿಲ್ಲ ಎಂದು ಹೇಳಿ ಕಂಪ್ಯೂಟರಿನ ಮುಂದೆ ಕೂತವನು ಏಳು ತಿಂಗಳು ಅಲ್ಲಿಂದ ಏಳಲಿಲ್ಲ. ಪತ್ರಿಕೆಯ ಜೊತೆ ಬಂದ ಒಂದು ಸಿಡಿಯಲ್ಲಿ ಆಟ ಕಟ್ಟುವ ಸಾಧನ ಸಿಕ್ಕಿತ್ತು. ಅದರಲ್ಲಿ ಅವನು ಕಟ್ಟಿದ ಆಟದ ಹೆಸರು ‘ಮ್ಯಾಕಿ’, ನಮ್ಮ ಮಾತಿನಲ್ಲಿ ಮೇಕೆ. ಊರಿನ ಕೋಟೆ ಗುಡ್ಡದ ಬಂಡೆಗಳ ಮೇಲೆ ಒಂದು ಮೇಕೆಮರಿ ಬಂಡೆಯಿಂದ ಬಂಡೆಗೆ ಹಾರುತ್ತ ತುದಿಗೆ ಹೋಗಬೇಕು. ಅಷ್ಟೇ ಆಟ. ಒಟ್ಟು ಆರು ಗುಡ್ಡ. ಬಂಡೆಗಳನ್ನು ಅವನು ಮಾಳಿಗೆಯ ಮೇಲೆ ಕೂತು, ಎದುರಿನ ಗುಡ್ಡವನ್ನು ನೋಡಿಯೇ ಬರೆದಿದ್ದ. ಮೇಕೆಯ ಸದ್ದು ಹಿಂದಿನ ಓಣಿಯ ನಿಜವಾದ ಮೇಕೆಯದು. ಅದಕ್ಕೆ ಹಲಸಂದಿ ಬಳ್ಳಿ ತೋರಿಸಿ ಕೂಗಿಸಿ, ಟೇಪ್‌ರೆಕಾರ್ಡರಿನಲ್ಲಿ ಹಿಡಿದು ತಂದಿದ್ದ.

ದೊಡ್ಡಪ್ಪನಿಗೆ ಇದು ಸಹಿಸಲಾಗಲಿಲ್ಲ. ಅವನು ಕೆಟ್ಟವನಲ್ಲ, ಮಗ ಏನು ಮಾಡುತ್ತಿದ್ದಾನೆ ಎಂದು ಮಾರುಕಟ್ಟೆಯಲ್ಲಿ ಯಾರಾದರೂ ಕೇಳಿದರೆ ಹೇಳಲು ಒಂದು ಪದ ಬೇಕಾಗಿತ್ತು ಅವನಿಗೆ. ಶ್ರಾವಣದ ಮೊದಲ ವಾರ ಒಂದು ದಿನ ಬೆಳಗಿನ ಮಂಡಕ್ಕಿ ಉಗ್ಗಾಣಿಗೆ ಎಲ್ಲರೂ ಕೂತಿದ್ದಾಗ ಮಾತು ತೆಗೆದ. ಪತ್ತಿಕೊಂಡದ ಮಾವನಿಗೆ ಬೀಜದ ಅಂಗಡಿಯಲ್ಲಿ ಜನ ಬೇಕಾಗಿದ್ದಾರೆ, ಶ್ರಾವಣ ಮುಗಿದ ಕೂಡಲೇ ಹೋಗಲಿ ಎಂದ. ವೀರೇಶಣ್ಣ ತಟ್ಟೆಯಲ್ಲಿದ್ದ ಮಿರ್ಚಿ ಬಜ್ಜಿಯನ್ನು ಮುರಿಯುತ್ತ, ತನ್ನ ಆಟ ಚೆನ್ನಾಗಿದೆ, ಇನ್ನೊಂದು ವರ್ಷ ಕೊಟ್ಟರೆ ಮಾರುವಂಥದ್ದನ್ನು ಕಟ್ಟುತ್ತೇನೆ ಎಂದ.

“ಚೊಲೋ ಐತಿ ಅಂತ ಯಾರಂತಾರ? ನೀನ ಅಂದ್ರ ಸಾಕೇನು? ತನ್ನ ಹತ್ತಿ ಕೀಳು ಅಂದ ರೈತನ್ನ ನಾ ಇನ್ನೂ ನೋಡಿಲ್ಲ,” ಎಂದ ದೊಡ್ಡಪ್ಪ.

ಅಜ್ಜ ಉಗ್ಗಾಣಿಯಲ್ಲಿನ ಕರಿಬೇವನ್ನು ಪಕ್ಕಕ್ಕೆ ಸರಿಸಿ, ಮೊದಲ ಸಲ ಬಾಯಿ ಬಿಟ್ಟ.

“ನೋಡೋರು ಮನ್ಯಾಗ ಅದಾರಲ್ಲ. ಗಿರಿಜಾ ನೋಡ್ಲಿ. ಮೇಲು ಅಂದ್ರ ಒಂದು ವರ್ಷ ಕೂಡ್ಲಿ. ಅಲ್ಲಾಂದ್ರ ಪತ್ತಿಕೊಂಡ.”

ದೊಡ್ಡಪ್ಪ ನಕ್ಕ. ಆಕಿ ಅಣ್ಣನ ಕಡೆನೇ ಹೇಳ್ತಾಳ, ಅದೆಂಥಾ ಪಂಚಾಯ್ತಿ ಎಂದ. ಆ ಒಂದು ಮಾತು ನನಗೆ ನಾಟಿತು. ವೀರೇಶಣ್ಣನಾದರೋ ನಿಶ್ಚಿಂತನಾಗಿದ್ದ. ನನ್ನ ತಟ್ಟೆಗೆ ತನ್ನ ಅರ್ಧ ಮಿರ್ಚಿಯನ್ನು ಹಾಕಿ, ಲಂಚ ತಗೋ ಎಂದ. ನಾನು ಅದನ್ನು ತೆಗೆದು ಅವನ ತಟ್ಟೆಗೇ ವಾಪಸು ಇಟ್ಟೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಇಟ್ಟಿರಲಿಲ್ಲ.

ಭಾನುವಾರ ಮಧ್ಯಾಹ್ನ ನನ್ನನ್ನು ಒಬ್ಬಳನ್ನೇ ಕಂಪ್ಯೂಟರಿನ ಮುಂದೆ ಬಿಟ್ಟು ಎಲ್ಲರೂ ಒಳಗೆ ಹೋದರು. ವೀರೇಶಣ್ಣ ಮಾತ್ರ ಬಾಗಿಲ ಹತ್ತಿರ ನಿಂತಿದ್ದ. ಆಟವನ್ನು ಪರೀಕ್ಷಿಸಲು ಅವನು ಒಂದು ಅನುಕೂಲ ಮಾಡಿಕೊಂಡಿದ್ದ: ಮೂರು ಒತ್ತಿದರೆ ಮೂರನೇ ಗುಡ್ಡ, ಐದು ಒತ್ತಿದರೆ ಐದನೆಯದು. ಇದು ನನಗೆ ಗೊತ್ತಿತ್ತು. ನಾನು ಒಂದನೆಯದನ್ನೂ ಎರಡನೆಯದನ್ನೂ ನೋಡದೆ ಮೂರು ಒತ್ತಿದೆ. ಮೇಕೆಮರಿ ಮೊದಲ ಬಂಡೆಯಿಂದ ಹಾರಿತು, ಎದುರಿನ ಬಂಡೆ ಮುಟ್ಟಲಿಲ್ಲ, ಕೆಳಗೆ ಬಿತ್ತು. ಮತ್ತೆ ಹಾರಿಸಿದೆ, ಬಿತ್ತು. ಬೇಗ ಒತ್ತಿ ನೋಡಿದೆ, ತಡಮಾಡಿ ಒತ್ತಿ ನೋಡಿದೆ. ಇಪ್ಪತ್ತಕ್ಕೂ ಹೆಚ್ಚು ಸಲ ಬಿತ್ತು. ನಾಲ್ಕು ಒತ್ತಿದೆ, ಅಲ್ಲಿಯೂ ಅದೇ ಗತಿ. ದಾಟಲು ಆಗದ ಬಂಡೆಯನ್ನು ಇಟ್ಟ ಆಟಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಮಾತಿತ್ತು. ಅಣ್ಣನ ಆಟ ಎಂದು ಬಿಟ್ಟುಕೊಡಬಾರದು ಎಂಬುದೂ ಮನಸ್ಸಿನಲ್ಲಿತ್ತು. ಕರೆಂಟ್ ಹೋಗುವ ಹೊತ್ತಿಗೆ ತೀರ್ಪು ಸಿದ್ಧವಾಗಿತ್ತು.

ಸೋಮವಾರ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅಜ್ಜ ನನ್ನ ಕಡೆ ನೋಡಿದ. ನಾನು ಹೇಳಿದೆ. ದೊಡ್ಡವ್ವ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟಳು. ದೊಡ್ಡಪ್ಪನ ಮುಖದಲ್ಲಿ ಗೆಲುವಿನ ಬದಲು ಗಾಬರಿ ಕಂಡದ್ದು ಇಂದಿಗೂ ನೆನಪಿದೆ. ಅವನು ನನ್ನಿಂದ ಆ ಮಾತನ್ನು ನಿರೀಕ್ಷಿಸಿರಲಿಲ್ಲ.

“ಯಾಕ?” ಎಂದ ವೀರೇಶಣ್ಣ.

“ಈ ಮನ್ಯಾಗ ಅದನ್ನ ಕೇಳೂ ಪದ್ಧತಿ ಇಲ್ಲ,” ಎಂದ ಅಜ್ಜ.

ವೀರೇಶಣ್ಣ ಕಂಪ್ಯೂಟರಿನ ಮೇಲೆ ಹೂವಿನ ಮುಸುಕು ಎಳೆದು, ನಾಲ್ಕೂ ಮೂಲೆಗಳನ್ನು ಸರಿಮಾಡಿ, ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಅವನು ನನ್ನ ಮೇಲೆ ಸಿಟ್ಟು ಮಾಡಿದ್ದರೆ ಅನುಕೂಲವಾಗುತ್ತಿತ್ತು. ಮಾಡಲಿಲ್ಲ. ಊಟಕ್ಕೆ ಕೂತರೆ ಎಂದಿನಂತೆ ರೊಟ್ಟಿಯ ಮೇಲಿನ ಶೇಂಗಾ ಚಟ್ನಿಗೆ ಎಣ್ಣೆ ಹಾಕಿ ನನ್ನ ಕಡೆ ಸರಿಸುತ್ತಿದ್ದ. ಶಾಲೆಯಿಂದ ಬಂದರೆ ಸೈಕಲ್ಲಿನ ಚೈನು ಹಾಕಿಕೊಡುತ್ತಿದ್ದ. ಮಂಡಿಯ ಮುಂದೆ ನಿಂತು ಪತ್ತಿಕೊಂಡದ ಬಸ್ಸುಗಳ ಹೊತ್ತನ್ನು ಕಂಡಕ್ಟರುಗಳ ಹತ್ತಿರ ತೆಲುಗಿನಲ್ಲಿ ವಿಚಾರಿಸುತ್ತಿದ್ದ. ಪಡಸಾಲೆಯಲ್ಲಿ ಮೇಕೆಯ ಕೂಗು ನಿಂತುಹೋಗಿತ್ತು. ಅದು ಏಳು ತಿಂಗಳಿಂದ ಕೂಗುತ್ತಲೇ ಇತ್ತು ಎಂಬುದು ನಿಂತ ಮೇಲೆ ಗೊತ್ತಾಯಿತು. ಓಣಿಯವರು ಕೇಳಲು ಬಂದರೆ ನಾನು ಕಟ್ಟೆಗೆ ಹೋಗುತ್ತಿರಲಿಲ್ಲ. ಆದರೆ ತೀರ್ಪು ಸರಿ ಎಂಬುದರಲ್ಲಿ ನನಗೆ ಸಂಶಯ ಇರಲಿಲ್ಲ. ಬೇಸರ ಬೇರೆ, ಸಂಶಯ ಬೇರೆ.

ಒಂಬತ್ತನೇ ದಿನ ಮಧ್ಯಾಹ್ನ ಶಾಲೆಗೆ ರಜೆ ಇತ್ತು. ಗಂಡಸರು ಮಾರುಕಟ್ಟೆಗೆ ಹೋಗಿದ್ದರು. ನಾನು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದೆ. ವೀರೇಶಣ್ಣ ಟ್ರಂಕಿಗೆ ಬಟ್ಟೆ ಜೋಡಿಸುತ್ತಿದ್ದ. ಅಜ್ಜಿ ಎಲೆಯಡಿಕೆ ಮೆಲ್ಲುತ್ತ ಬಂದು ಕಂಪ್ಯೂಟರಿನ ಮುಸುಕನ್ನು ತಾನೇ ಸರಿಸಿದಳು. ಅದನ್ನು ಅವಳು ಮುಟ್ಟಿದ್ದು ಅದೇ ಮೊದಲು.

“ಏಳು ತಿಂಗಳು ಏನ್ ಮಾಡಿದ್ಯೋ, ನನಗರ ತೋರ್ಸು. ಶ್ರಾವಣ ಮುಗಿದ್ರ ಊರು ಬಿಟ್ಟು ಹೋಗಾಂವ.”

ಬ್ಯಾಡ ಬಿಡು ಅಜ್ಜಿ ಎಂದು ಅವನು ಅಂದರೂ ಅವಳು ಕುರ್ಚಿ ಎಳೆದು ಕೂತಳು. ಅವನು ಆಟ ಹಚ್ಚಿ, ಯಾವ ಕೀಲಿಗೆ ಮೇಕೆ ಮುಂದೆ ಹೋಗುತ್ತದೆ, ಯಾವುದಕ್ಕೆ ಹಾರುತ್ತದೆ ಎಂದು ತೋರಿಸಿ, ಟ್ರಂಕಿನ ಕಡೆಗೆ ತಿರುಗಿದ. ಅಜ್ಜಿ ಪೆದ್ದಹರಿವಾಣ ಎಂಬ ಹಳ್ಳಿಯ ಮಗಳು. ಮದುವೆಯಾಗುವವರೆಗೆ ಮೇಕೆ ಕಾಯ್ದವಳು. ತೋರುಬೆರಳು ಒಂದರಿಂದಲೇ, ಅಕ್ಕಿ ಆರಿಸುವವಳಂತೆ, ನಿಧಾನವಾಗಿ ಒತ್ತುತ್ತ ಹೋದಳು. ನಾನು ತಲೆ ಎತ್ತಲಿಲ್ಲ. ಎತ್ತುವ ಧೈರ್ಯ ಇರಲಿಲ್ಲ. ಮೇಕೆ ಕೂಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, ಬೇಳೆ ಮುಗಿದ ಮೇಲೆ ನೋಡಿದರೆ, ಪರದೆಯ ಮೇಲೆ ಮೂರನೇ ಗುಡ್ಡ ಇತ್ತು. ನನ್ನನ್ನು ಇಪ್ಪತ್ತು ಸಲ ಬೀಳಿಸಿದ ಆ ಬಂಡೆಯ ಆಚೆ ಬದಿಯಲ್ಲಿ ಮೇಕೆಮರಿ ನಿಂತಿತ್ತು.

“ಅಜ್ಜಿ, ಈ ಕಲ್ಲು ಹೆಂಗ ದಾಟಿದಿ?”

“ಹಿಂದಕ ಎರಡು ಹೆಜ್ಜಿ ಸರದು ಹಾರಿದೆ. ಮ್ಯಾಕಿ ಹಂಗ ಅಲ್ಲೇನ ಹಾರೂದು.”

“ಅದು ನಿನಗ ಹೆಂಗ ಗೊತ್ತಾತು?”

“ಮೊದಲ್ನೇ ಗುಡ್ಡದಾಗ ಅದರ ತಾಯಿ ತೋರಿಸ್ತೈತಲ್ಲ. ತಾಯಿ ಹಾರ್ತೈತಿ, ಮರಿ ನೋಡ್ತೈತಿ. ನೀ ನೋಡ್ಲಿಲ್ಲೇನು?”

ನಾನು ನೋಡಿರಲಿಲ್ಲ. ಮೊದಲ ಗುಡ್ಡದಲ್ಲಿ ತಾಯಿ ಮೇಕೆ ಇದೆ ಎಂಬುದೇ ನನಗೆ ತಿಳಿದಿರಲಿಲ್ಲ. ನಾನು ಮೇಲಿನ ಮುಷ್ಟಿಯನ್ನು ತೆಗೆದು ಎಸೆದಿದ್ದೆ. ಹತ್ತಿಯಲ್ಲಿ ಅದು ಸರಿ. ಆಟದಲ್ಲಿ ಮೇಲಿನ ಮುಷ್ಟಿಯೇ ಒಳಗಿನದಕ್ಕೆ ದಾರಿ ಹೇಳಿಕೊಡುತ್ತದೆ ಎಂಬುದು ನನಗಾಗಲಿ ಅಜ್ಜನಿಗಾಗಲಿ ಹೊಳೆದಿರಲಿಲ್ಲ. ಟ್ರಂಕಿನ ಹತ್ತಿರ ಹೋಗಿ ಅಣ್ಣನನ್ನು ಕೇಳಿದೆ.

“ನಾ ಸೀದಾ ಮೂರಕ್ಕ ಹೋಗಿದ್ದು ನಿನಗ ಗೊತ್ತಿತ್ತೇನು?”

“ಗೊತ್ತಿತ್ತು. ಬಾಗಿಲದಾಗ ನಿಂತಿದ್ದೆನಲ್ಲ.”

“ಮತ್ತ ಹೇಳಬೇಕಿತ್ತಲ್ಲ?”

“ನೋಡೋರ ಕೈ ಹಿಡಿಬಾರ್ದು ಅಂತ ಸುಮ್ಕಿದ್ದೆ. ಆಮ್ಯಾಗ ಯಾಕ ಅಂತ ಕೇಳಿದೆ. ಯಾಕ ಅಂತ ನೀ ಅಂದಿದ್ರ ನಾನೂ ಅಂತಿದ್ದೆ. ಅಜ್ಜ ಬ್ಯಾಡ ಅಂದ. ಚಾಲು, ಸಾಕು ಬಿಡು.”

ಹತ್ತನೇ ದಿನ ಬೆಳಿಗ್ಗೆ, ಪೂಜೆಗೂ ಉಗ್ಗಾಣಿಗೂ ನಡುವೆ, ನಾನು ಗಾದಿಯ ಮುಂದೆ ಹೋಗಿ ನಿಂತೆ. ತೀರ್ಪನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಅಜ್ಜನ ಕೈಯಲ್ಲಿ ಪೊಟ್ಟಣ ಇತ್ತು, ಅದನ್ನು ಬಿಚ್ಚದೇ ಪಕ್ಕಕ್ಕಿಟ್ಟ. ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಎಂದರೆ ಅವನ ಲೆಕ್ಕದಲ್ಲಿ ಏನು ಎಂಬುದು ನನಗೆ ತಿಳಿದಿತ್ತು. ಓಣಿಯ ಮಕ್ಕಳು ಕಟ್ಟೆಗೆ ಬರುವುದು ನಿಲ್ಲಬಹುದು ಎಂಬುದೂ ತಿಳಿದಿತ್ತು.

“ಹಿಂದಕ ಸರದ ಕೈನ ನಾಳೆ ಯಾರು ನಂಬ್ತಾರವ್ವಾ?”

“ನಂಬಬ್ಯಾಡ್ರಿ. ನಾ ನೋಡಿದ್ದ ತಪ್ಪು. ಮ್ಯಾಲಿಂದು ಬಿಟ್ಟು ಒಳಗ ಕೈ ಹಾಕಿದೆ.”

“ಅದು ತಪ್ಪಲ್ಲಲ್ಲ. ಮ್ಯಾಲಿನ ಮುಷ್ಟಿ ಯಾಕ ಒಗಿತೀವಿ?”

“ಚೊಲೋದು ಮ್ಯಾಲೆ ಇಟ್ಟಿರ್ತಾರ ಅಂತ.”

“ಇಂವ ಮ್ಯಾಲೆ ಏನಿಟ್ಟಿದ್ದ?”

“ಹಾರೂದು ಹೆಂಗಂತ ಕಲಿಸೂದು.”

ಹಬೆಯಾಡುವ ಉಗ್ಗಾಣಿ ಬಂತು, ತಟ್ಟೆಗಳು ಬಂದವು, ಯಾರೂ ಕೈ ಹಾಕಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತ ಅಜ್ಜಿ, ನಾಲ್ಕನೇ ಗುಡ್ಡದವರೆಗೆ ತಾನು ಹೋಗಿದ್ದೇನೆ, ಕರೆಂಟ್ ಹೋಗದಿದ್ದರೆ ಅದನ್ನೂ ದಾಟುತ್ತಿದ್ದೆ ಎಂದು ಯಾರೂ ಕೇಳದೇ ಹೇಳಿದಳು. ದೊಡ್ಡಪ್ಪ ಅವಳ ಕಡೆಗೊಮ್ಮೆ, ಕಂಪ್ಯೂಟರಿನ ಕಡೆಗೊಮ್ಮೆ ನೋಡಿದ.

“ಹಂಗಾದ್ರ ಮೊದಲಿಂದ ನೋಡು,” ಎಂದ ಅಜ್ಜ ಕೊನೆಗೆ. “ಕಡೀತನಕ ನೋಡು. ನೋಡಿದ ಮ್ಯಾಲೆ ಏನು ಅಂತ ಹೇಳು, ಯಾಕ ಅಂತನೂ ಹೇಳು. ಇಲ್ಲೇ, ಎಲ್ಲಾರ ಮುಂದ. ಇದು ಹತ್ತಿ ಅಲ್ಲ.”

ಮೂರು ದಿನ ಶಾಲೆಯಿಂದ ಬಂದ ಕೂಡಲೇ ಆಡಿದೆ. ನಾಲ್ಕನೇ ದಿನ ನಾಲ್ಕು ಪುಟ ಬರೆದೆ. ನೋಟ್‌ಬುಕ್ಕಿನಲ್ಲಿ ಅದುವರೆಗೆ ಯಾವ ಆಟಕ್ಕೂ ಒಂದು ಮಾತಿಗಿಂತ ಹೆಚ್ಚು ಬರೆದಿರಲಿಲ್ಲ. ಏನು ಬರೆಯಬೇಕು ಎಂದು ತೋಚದೆ, ಪತ್ರಿಕೆಯ ಸುದ್ದಿಯಂತೆ ಮೊದಲು ಏನು ನಡೆಯಿತು ಎಂಬುದನ್ನೇ ಬರೆದೆ. ಆ ಪುಟಗಳು ನನ್ನ ಬಳಿ ಇವೆ. ಶುರು ಹೀಗಿದೆ: ‘ಮೊದಲ ಗುಡ್ಡ ಸಣ್ಣದು. ತಾಯಿ ಮೇಕೆ ಹಿಂದೆ ಸರಿದು ಹಾರುತ್ತದೆ. ಯಾರೂ ಏನೂ ಹೇಳುವುದಿಲ್ಲ, ಆದರೂ ತಿಳಿಯುತ್ತದೆ. ಇದನ್ನು ಬಿಟ್ಟು ಮುಂದೆ ಹೋಗಬಾರದು. ನಾನು ಹೋಗಿದ್ದೆ. ಅದು ನನ್ನ ತಪ್ಪು, ಆಟದ ತಪ್ಪಲ್ಲ.’ ಎರಡನೇ ಪುಟದಲ್ಲಿ ಮೂರನೇ ಗುಡ್ಡವನ್ನು ಹೊಗಳಿದ್ದೇನೆ: ಅಲ್ಲಿ ಬಂಡೆಗಳು ನಮ್ಮ ಮಾಳಿಗೆಯಿಂದ ಕಾಣುವ ಬಂಡೆಗಳೇ, ಸಂಜೆಯ ಬಣ್ಣವೂ ಅದೇ. ಮೂರನೇ ಪುಟ ಹೊಗಳಿಕೆಯಲ್ಲ. ಐದನೇ ಗುಡ್ಡದಲ್ಲಿ ಹೊಸದೇನೂ ಇಲ್ಲ, ನಾಲ್ಕನೆಯದನ್ನೇ ಎಳೆದಿದ್ದಾರೆ. ಮೇಕೆ ಪ್ರತಿ ಹಾರಿಕೆಗೂ ಕೂಗುತ್ತದೆ, ಅಡುಗೆಮನೆಯಲ್ಲಿರುವವರಿಗೆ ತಲೆನೋವು ಬರುತ್ತದೆ. ಕೊನೆಯ ಗುಡ್ಡದ ತುದಿ ಮುಟ್ಟಿದರೆ ಪರದೆ ಕಪ್ಪಾಗುತ್ತದೆ, ಅಷ್ಟು ದೂರ ಹತ್ತಿದವರಿಗೆ ಮೇಲಿಂದ ಊರನ್ನಾದರೂ ತೋರಿಸಬೇಕಿತ್ತು. ನಾಲ್ಕನೇ ಪುಟದ ಕೆಳಗೆ ಒಂದು ಮಾತು: ನಡು.

ಗಟ್ಟಿಯಾಗಿ ಓದಿದೆ. ಕೂಗಿನ ಮಾತು ಬಂದಾಗ ಅವ್ವ ಒಳಗಿಂದಲೇ ಹೌದೆಂದಳು. ಓದಿ ಮುಗಿಸಿದ ಮೇಲೆ ದೊಡ್ಡಪ್ಪನಿಗೆ ಮಾತು ಸಿಕ್ಕಿತು.

“ಅಪ್ಪಾ, ನೀವು ಮೇಲು ಅಂದ್ರ ಕೂಡ್ಲಿ ಅಂದಿದ್ರಿ. ಆಕಿ ನಡು ಅಂದಾಳ.”

ಅಜ್ಜ ಆಗ ಪೊಟ್ಟಣವೊಂದನ್ನು ಕಟ್ಟುತ್ತಿದ್ದ. ದಾರವನ್ನು ಬೆರಳಿಗೆ ಸುತ್ತಿಕೊಂಡೇ ಹೇಳಿದ.

“ಈ ಊರಿನ ಗಿರಣಿ ಎಲ್ಲಾ ಯಾವ ಹತ್ತಿ ಮ್ಯಾಲೆ ನಡೀತಾವ? ಮೇಲು ಅನ್ನೂದು ವರ್ಷಕ್ಕ ನಾಕು ಗಾಡಿ ಬಂದ್ರ ಹೆಚ್ಚು. ನಡುವಿನ ಹತ್ತಿ ಒಗದಿದ್ರ ನಾವ್ಯಾರೂ ಇಲ್ಲಿ ಕೂತು ಉಗ್ಗಾಣಿ ತಿಂತಿರ್ಲಿಲ್ಲ.”

ವೀರೇಶಣ್ಣ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿರಲಿಲ್ಲ. ಅವನು ನನ್ನ ಕೈಯಿಂದ ಮೂರನೇ ಪುಟವನ್ನು ತೆಗೆದುಕೊಂಡು ನಿಂತೇ ಓದುತ್ತಿದ್ದ. ಐದನೇ ಗುಡ್ಡದ ಮಾತು ಸರಿ ಎಂದ. ಮೇಕೆಯ ಕೂಗಿನ ಮಾತು ಒಪ್ಪಲಿಲ್ಲ. ಕೂಗದ ಮೇಕೆ ಎಲ್ಲಾದರೂ ಇದೆಯೇ ಎಂದು ನನ್ನ ಜೊತೆ ವಾದಕ್ಕೆ ನಿಂತ. ಇಷ್ಟು ದಿನ ಅವನು ನನ್ನ ಜೊತೆ ಜಗಳ ಆಡಿರಲಿಲ್ಲ. ಆ ಜಗಳ ನನಗೆ ಬಹಳ ಹಿತವಾಗಿತ್ತು. ನಡುವೆ ಅವನು ಅಜ್ಜನ ಕಡೆ ತಿರುಗಿ ಹೇಳಿದ ಒಂದು ಮಾತನ್ನು ನಾನು ಅಂದೇ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ.

“ಅಜ್ಜಾ, ಬಿಡಿಸಿದ ಹತ್ತಿ ಮತ್ತ ಗಿಡಕ್ಕ ಹೋಗಂಗಿಲ್ಲ. ಇದು ಹೋಗ್ತೈತಿ. ಯಾಕ ಅಂತ ಹೇಳಿದ್ರ ನಾಳೆನ ಸರಿ ಮಾಡ್ತೀನಿ.”

ಕೊನೆಗೆ ಆದ ಒಪ್ಪಂದ ಇಷ್ಟು: ಬೆಳಿಗ್ಗೆ ಮಂಡಿಯ ಕೆಲಸ, ಮಧ್ಯಾಹ್ನದ ಮೇಲೆ ಕಂಪ್ಯೂಟರು, ಉಗಾದಿಗೆ ಮತ್ತೊಮ್ಮೆ ನೋಡುವುದು. ಪತ್ತಿಕೊಂಡದ ಮಾವನಿಗೆ ಬೇರೆ ಜನ ಸಿಕ್ಕರು. ಟ್ರಂಕು ಅಟ್ಟಕ್ಕೆ ಹೋಯಿತು. ಸುಗ್ಗಿ ಶುರುವಾಗುವ ಮೊದಲು ಐದನೇ ಗುಡ್ಡವನ್ನು ಅವನು ಅರ್ಧಕ್ಕೆ ಕತ್ತರಿಸಿದ, ಕೊನೆಯಲ್ಲಿ ಊರಿನ ಚಿತ್ರ ಹಾಕಿದ, ಕೂಗನ್ನು ಹಾಗೇ ಬಿಟ್ಟ. ನಾನು ಮತ್ತೆ ಮೊದಲಿನಿಂದ ಆಡಿ ಮತ್ತೆ ‘ನಡು’ ಎಂದೇ ಬರೆದೆ, ಈ ಸಲ ಎರಡು ಪುಟ. ಓಣಿಯವರು ಕಟ್ಟೆಗೆ ಬರುವುದನ್ನು ನಿಲ್ಲಿಸಲಿಲ್ಲ. ಆದರೆ ಈಗ ಒಂದು ಮಾತು ಕೇಳಿಕೊಂಡು ಓಡುತ್ತಿರಲಿಲ್ಲ. ಯಾಕ ಎಂದು ಕೇಳಿ, ಕೂತು, ವಾದಿಸಿ, ಅವ್ವನಿಂದ ನೀರು ಕೇಳಿ ಕುಡಿದು ಹೋಗುತ್ತಿದ್ದರು. ದೊಡ್ಡಪ್ಪ ಒಂದು ಮಧ್ಯಾಹ್ನ, ಸುತ್ತಮುತ್ತ ಯಾರೂ ಇಲ್ಲದಾಗ, ನಾಲ್ಕನೇ ಗುಡ್ಡದ ದೊಡ್ಡ ಬಂಡೆಯನ್ನು ದಾಟುವುದು ಹೇಗೆ ಎಂದು ನನ್ನನ್ನು ಕೇಳಿದ. ಎಷ್ಟು ದಿನದಿಂದ ಆಡುತ್ತಿದ್ದಾನೆ ಎಂದು ನಾನು ಕೇಳಲಿಲ್ಲ. ಅಜ್ಜಿಯನ್ನು ಕೇಳು, ಆಕಿಗೆ ಗೊತ್ತೈತಿ ಎಂದೆ. ಅಜ್ಜ ಹತ್ತಿಯ ವಿಷಯದಲ್ಲಿ ತನ್ನ ಪದ್ಧತಿಯನ್ನು ಕೊನೆಯವರೆಗೂ ಬದಲಿಸಲಿಲ್ಲ. ಬಂದವರು ಕಾರಣ ಕೇಳಲಿಲ್ಲ, ಅವನು ಹೇಳಲಿಲ್ಲ.

ಕಂಪ್ಯೂಟರು, ಫೋನುಗಳ ಆಟಗಳ ಬಗ್ಗೆ ನಾನು ಒಂದು ಕನ್ನಡ ಪತ್ರಿಕೆಯಲ್ಲಿ ಬರೆಯಲು ಶುರುಮಾಡಿ ಹನ್ನೊಂದು ವರ್ಷವಾಯಿತು. ವಿಮರ್ಶೆಗೆ ಬಂದ ಆಟವನ್ನು ಮೊದಲಿನಿಂದ ಕೊನೆಯವರೆಗೆ ಆಡಿ ಮುಗಿಸದೆ ಬರೆಯುವುದಿಲ್ಲ. ಮುಗಿಸಲು ಆಗದಿದ್ದರೆ ಎಲ್ಲಿಗೆ ನಿಲ್ಲಿಸಿದೆ ಎಂಬುದನ್ನು ಮೊದಲ ಸಾಲಿನಲ್ಲೇ ತಿಳಿಸುತ್ತೇನೆ. ಎರಡು ಸಲ ತಿದ್ದುಪಡಿ ಪ್ರಕಟಿಸಿದ್ದೇನೆ. ವೀರೇಶಣ್ಣ ಆದೋನಿಯಲ್ಲೇ ಇದ್ದಾನೆ. ಹೋದ ತಿಂಗಳು ಅವನೂ ಅವನ ಇಬ್ಬರು ಜೊತೆಗಾರರೂ ಫೋನಿಗಾಗಿ ಹೊಸ ಆಟವೊಂದನ್ನು ಹೊರತಂದರು. ಸಂಬಂಧಿ ಎಂಬ ಕಾರಣಕ್ಕೆ ನಾನು ಅದನ್ನು ವಿಮರ್ಶಿಸಲಿಲ್ಲ. ನಮ್ಮ ಪತ್ರಿಕೆಯಲ್ಲಿ ಬೇರೊಬ್ಬರು ಬರೆದರು. ಐದಕ್ಕೆ ಮೂರೂವರೆ ಬಂದಿದೆ.